ತಿಂಗಳಿಗೆ 417 ರೂಪಾಯಿ 60 ಪೈಸೆ

ದೊಡ್ಡ ಬಟ್ಟೆ ಬ್ರ್ಯಾಂಡ್‌ಗಳು ತಮ್ಮ ಪೂರೈಕೆದಾರರಿಗೆ ವಿಧಿಸುವ ನೀತಿಸಂಹಿತೆಗಳಲ್ಲಿ, ಆಯಾ ನಾಡಿನ ಕಾನೂನಿನಂತೆ ಕನಿಷ್ಠ ವೇತನ ಕೊಡಬೇಕೆಂಬ ಷರತ್ತು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಆ ಷರತ್ತಿಗೆ ಎಷ್ಟು ತೂಕವಿದೆ ಎಂಬುದನ್ನು ನಾನು ಅರಿತದ್ದು ಕರ್ನಾಟಕದ ಗಾರ್ಮೆಂಟ್ಸ್ ಕಾರ್ಮಿಕರ ತುಟ್ಟಿಭತ್ಯೆಯ ಪ್ರಕರಣದಿಂದ.

2020ರ ಏಪ್ರಿಲ್‌ನಿಂದ ಅವರಿಗೆ, ಕನಿಷ್ಠ ವೇತನದ ಭಾಗವಾಗಿಯೇ, ತಿಂಗಳಿಗೆ 417 ರೂಪಾಯಿ 60 ಪೈಸೆ ಹೆಚ್ಚುವರಿ ತುಟ್ಟಿಭತ್ಯೆ ಸಿಗಬೇಕಿತ್ತು. ರಾಜ್ಯ ಸರ್ಕಾರ ಅದನ್ನು ಮುಂದೂಡಿತು; ಬಾಕಿಸಹಿತ ಪಾವತಿಸಬೇಕೆಂದು ಅದೇ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಹೇಳಿದ ಮೇಲೂ ಕಾರ್ಖಾನೆಗಳು ಕೊಡಲಿಲ್ಲ. ನಾಲ್ಕು ಲಕ್ಷಕ್ಕೂ ಹೆಚ್ಚು ಕಾರ್ಮಿಕರು, ಅವರಲ್ಲಿ ಬಹುಪಾಲು ಹೆಣ್ಣುಮಕ್ಕಳು, ಕಾನೂನುಬದ್ಧ ವೇತನಕ್ಕಿಂತ ಕಡಿಮೆ ಪಡೆದು ದುಡಿದರು. ಸಂಬಳದ ಚೀಟಿಯಲ್ಲಿ ಎದ್ದು ಕಾಣುವ ಈ ಕೊರತೆ ಬ್ರ್ಯಾಂಡ್‌ಗಳ ತಪಾಸಣಾ ವ್ಯವಸ್ಥೆಯ ಕಣ್ಣೆದುರಿಗೇ ತಿಂಗಳುಗಟ್ಟಲೆ ಉಳಿಯಿತೆಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ತಪಾಸಕರು ಬಂದಾಗ ಕಾರ್ಮಿಕರನ್ನು ಮಾತನಾಡಿಸುವುದು ಹೆಚ್ಚಾಗಿ ಕಾರ್ಖಾನೆಯೊಳಗೇ. ಯಾರು ಒಳಗೆ ಹೋದರು, ಎಷ್ಟು ಹೊತ್ತು ಇದ್ದರು ಎಂಬುದು ಸೂಪರ್‌ವೈಸರ್‌ಗೆ ತಿಳಿದಿರುವಲ್ಲಿ, ನಾಳೆಯೂ ಅದೇ ಮಿಷನ್ನಿನ ಮುಂದೆ ಕೂರಬೇಕಾದ ಹೆಣ್ಣುಮಗಳು ಮನಬಿಚ್ಚಿ ಮಾತನಾಡಬೇಕೆಂದು ನಿರೀಕ್ಷಿಸುವುದು ಅನ್ಯಾಯ. ಅವಳ ಮಾತು ಗೇಟಿನ ಹೊರಗೆ, ಅವಳೇ ನಂಬುವ ಸಂಘದ ಮೂಲಕ ಕೇಳಿಸಬೇಕು.

ಇಲ್ಲಿ ಆದದ್ದೂ ಹಾಗೆಯೇ. ಕಾರ್ಮಿಕ ಸಂಘಗಳು ಪಟ್ಟು ಸಡಿಲಿಸಲಿಲ್ಲ; ವರ್ಕರ್ ರೈಟ್ಸ್ ಕನ್ಸಾರ್ಷಿಯಂ ಎಂಬ ಅಮೆರಿಕದ ಸಂಸ್ಥೆ ವಿಷಯವನ್ನು ಬ್ರ್ಯಾಂಡ್‌ಗಳ ಮುಂದಿಟ್ಟಿತು. 2022ರ ಆರಂಭದಲ್ಲಿ ದೊಡ್ಡ ಕಾರ್ಖಾನೆಗಳು ಬಾಕಿ ಕೊಡಲು ಒಪ್ಪಿದವು. ಅಷ್ಟರಲ್ಲಿ ಎಷ್ಟೋ ಮಂದಿ ಕೆಲಸ ಬಿಟ್ಟಾಗಿತ್ತು.