ಮಾವನ ಫೋನಿನಲ್ಲಿ ತೆರೆಯದ ಲಿಂಕು

ಸೆಪ್ಟೆಂಬರ್ ಬಂತೆಂದರೆ ಅರೇಬಿಕಾ ಕಾಫಿ ತೋಟದವರಿಗೆ ಬೋರರ್, ಅಂದರೆ ಕೊರಕ ಹುಳದ ಚಿಂತೆ. ಬಿಳಿ ಕಾಂಡಕೊರಕದ ದುಂಬಿ ಏಪ್ರಿಲ್-ಮೇನಲ್ಲಿ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಮ್ಮೆ ಹೊರಬೀಳುತ್ತದೆ. ಅಷ್ಟರೊಳಗೆ ಹುಳ ಹೊಕ್ಕ ಗಿಡಗಳನ್ನು ಹುಡುಕಿ, ಕಿತ್ತು ಸುಡಬೇಕು. ಇದನ್ನು ಹೇಳಿಕೊಡುವ ಆನ್‌ಲೈನ್ ತರಬೇತಿ ತಯಾರಿಸುವ ಕೆಲಸ ನನಗೆ ಸಿಕ್ಕಿತ್ತು. ಆರು ಪಾಠ, 43 ಲಿಂಕು. ಚಿಕ್ಕಮಗಳೂರಿನ ರೂಮಿನಲ್ಲಿ ಕೂತು ಒಂದೊಂದನ್ನೂ ಒತ್ತಿ ನೋಡಿದ್ದೆ. ಲಿಂಕ್ ಪರೀಕ್ಷಿಸುವ ಸಾಫ್ಟ್‌ವೇರನ್ನೂ ಅದೇ ಲ್ಯಾಪ್‌ಟಾಪ್‌ನಲ್ಲಿ ಓಡಿಸಿದ್ದೆ. ಎಲ್ಲವೂ ಸರಿ ಎಂದು ತೋರಿಸಿತ್ತು.

ಪಾಠಗಳನ್ನು ಸರ್ವರ್‌ಗೆ ಹಾಕಿ, ಬೆಳೆಗಾರರಿಗೆ ಕಳಿಸುವ ಮುಂಚೆ ಆಲ್ದೂರಿನ ಹತ್ತಿರ ಇರುವ ಮಾವನ ತೋಟಕ್ಕೆ ಹೋದೆ. ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ಮನೆಯೊಳಗೆ ಸಿಗ್ನಲ್ ಇಲ್ಲ. ಕಾಫಿ ಒಣಗಿಸುವ ಕಣದ ಮೂಲೆಗೆ ಹೋದರೆ ಎರಡು ಗೆರೆ ಬರುತ್ತದೆ. ಮಾವ ಅಲ್ಲೇ ಕೊಡೆ ಹಿಡಿದು ನಿಂತು ಮೊದಲ ಪಾಠ ತೆರೆದರು. ಫೋಟೋದ ಲಿಂಕ್ ಒತ್ತಿದರು. ಏನೂ ಬರಲಿಲ್ಲ.

"ಒತ್ತಿದೆ ಕಣೋ, ಸುಮ್ನೆ ಕೂತಿದೆ ಇದು" ಅಂದರು.

ಆ ಲಿಂಕ್ ನನ್ನ ಲ್ಯಾಪ್‌ಟಾಪ್‌ನ ಫೋಲ್ಡರ್‌ಗೇ ಹೋಗುತ್ತಿತ್ತು. ಪುಟ ಕಟ್ಟುವಾಗ ಫೋಟೋವನ್ನು ಡೆಸ್ಕ್‌ಟಾಪ್‌ನಿಂದ ನೇರ ಎಳೆದು ಹಾಕಿದ್ದೆ. ನನ್ನ ಕಂಪ್ಯೂಟರ್‌ನಲ್ಲಿ ಫೋಟೋ ಇದೆ, ತೆರೆಯುತ್ತದೆ. ಮಾವನ ಫೋನಿನಲ್ಲಿ ಅದು ಎಲ್ಲಿಂದ ಬರಬೇಕು? ಇನ್ನೊಂದು ಕಡೆ 404, ಅಂದರೆ 'ಫೈಲ್ ಸಿಗಲಿಲ್ಲ' ಅನ್ನುವ ಸಂದೇಶ ಬಂತು. ಕ್ಯಾಮೆರಾ ಫೈಲ್ ಹೆಸರಿನ ಕೊನೆಗೆ ಇಂಗ್ಲಿಷ್ ದೊಡ್ಡಕ್ಷರ ಕೊಟ್ಟಿತ್ತು, ನಾನು ಲಿಂಕಿನಲ್ಲಿ ಸಣ್ಣಕ್ಷರ ಬರೆದಿದ್ದೆ. ನನ್ನ ಲ್ಯಾಪ್‌ಟಾಪ್‌ನ ವಿಂಡೋಸ್ ಎರಡನ್ನೂ ಒಂದೇ ಅಂತ ಬಿಟ್ಟುಬಿಡುತ್ತದೆ. ಪಾಠ ಹಾಕಿದ್ದ ಲಿನಕ್ಸ್ ಸರ್ವರ್ ಬಿಡುವುದಿಲ್ಲ. ಮೂರನೆಯದು ನನ್ನ ಆನ್‌ಲೈನ್ ಡ್ರೈವ್‌ನಲ್ಲಿದ್ದ ಪಿಡಿಎಫ್. ನಾನು ಲಾಗಿನ್ ಆಗಿದ್ದರಿಂದ ನನಗೆ ಕಾಣಿಸುತ್ತಿತ್ತು, ಮಾವನಿಗೆ ಅನುಮತಿ ಕೇಳಿತು.

ಇವೆಲ್ಲ ಹತ್ತು ನಿಮಿಷದಲ್ಲಿ ಸರಿಯಾಗುವ ತಪ್ಪುಗಳು. ನನ್ನನ್ನು ನಿಜಕ್ಕೂ ಹೆದರಿಸಿದ್ದು ಮೂರನೇ ಪಾಠದ ಒಂದು ಲಿಂಕ್. ಅದು ಚೆನ್ನಾಗೇ ತೆರೆಯಿತು. ಮಾವ ಫೋಟೋ ನೋಡಿ ಹುಬ್ಬು ಗಂಟಿಕ್ಕಿದರು.

"ಇದು ಕಾಯಿಕೊರಕ ಅಲ್ವಾ? ಕಾಯಿ ತುದೀಲಿ ತೂತು ಕಾಣ್ತಿದೆ ನೋಡು. ನೀನು ಹೇಳ್ತಿರೋದು ಕಾಂಡದ್ದು."

ಹೌದು. ಎರಡೂ ಬೋರರ್, ಎರಡು ಫೈಲಿನ ಹೆಸರೂ ಹೆಚ್ಚುಕಡಿಮೆ ಒಂದೇ. ಒಂದು ಕಾಯಿಯ ತುದಿ ಕೊರೆಯುವ ಹುಳ, ಇನ್ನೊಂದು ಕಾಂಡದೊಳಗೆ ಸುರಂಗ ತೋಡಿ ಗಿಡವನ್ನೇ ಸಾಯಿಸುವ ಹುಳ. ನಿಭಾಯಿಸುವ ಕ್ರಮವೇ ಬೇರೆ. ಲಿಂಕಿನ ಇನ್ನೊಂದು ತುದಿಯಲ್ಲಿ ಏನಾದರೂ ಸಿಕ್ಕಿತೋ ಇಲ್ಲವೋ ಅನ್ನುವುದನ್ನಷ್ಟೇ ಆ ಸಾಫ್ಟ್‌ವೇರ್ ನೋಡುತ್ತದೆ. ಸಿಕ್ಕಿದ್ದು ಸರಿಯಾದದ್ದಾ ಅಂತ ನೋಡಲು ತೋಟ ಗೊತ್ತಿದ್ದವರೇ ಬೇಕು. ಹೊಸ ಬೆಳೆಗಾರನೊಬ್ಬ ಆ ಫೋಟೋ ನಂಬಿ ಕಾಯಿ ನೋಡುತ್ತಾ ಕಾಂಡ ಬಿಟ್ಟಿದ್ದರೆ ಅಂತ ಈಗಲೂ ಅನ್ನಿಸುತ್ತದೆ.

ಮಾವ ಇನ್ನೊಂದು ಮಾತು ಹೇಳಿದರು. "ಎಲ್ಲಾ ಕಡೆ 'ಇಲ್ಲಿ ಒತ್ತಿ' ಅಂತ ಬರ್ದಿದೀಯ. ಒತ್ತಿದ್ರೆ ಏನು ಬರುತ್ತೆ ಅಂತ ಮೊದ್ಲೇ ಗೊತ್ತಾಗ್ಬೇಕು. ಈ ಸಿಗ್ನಲ್‌ನಲ್ಲಿ ದೊಡ್ಡ ವಿಡಿಯೋ ಶುರುವಾದ್ರೆ ಕಥೆ ಮುಗೀತು."

ಪರದೆ ನೋಡಲಾಗದೆ, ಫೋನ್ ಓದಿದ್ದನ್ನು ಕೇಳಿಸಿಕೊಂಡು ಬಳಸುವವರಿಗೂ ಇದೇ ಕಷ್ಟ. ಅವರು ಬರೀ ಲಿಂಕುಗಳ ಪಟ್ಟಿ ಕೇಳಿಸಿಕೊಂಡರೆ 'ಇಲ್ಲಿ ಒತ್ತಿ, ಇಲ್ಲಿ ಒತ್ತಿ' ಅಂತಲೇ ಬರುತ್ತದೆ. ಅಂದು ಸಂಜೆ ಜಗಲಿಯಲ್ಲಿ ಕೂತು ಎಲ್ಲವನ್ನೂ ಬದಲಿಸಿದೆ. 'ಹುಳ ಬಿದ್ದ ಕಾಂಡದ ಏಣು: ಫೋಟೋ', 'ತೊಗಟೆ ಉಜ್ಜುವ ವಿಧಾನ: ವಿಡಿಯೋ, 3 ನಿಮಿಷ, 18 ಎಂಬಿ' ಹೀಗೆ. ಮುಗಿದ ಮೇಲೆ ಲಾಗ್‌ಔಟ್ ಆಗಿ, 43 ಲಿಂಕನ್ನೂ ಮಾವನ ಫೋನಿನಲ್ಲೇ ಒತ್ತಿಸಿದೆ. ಪ್ರತಿ ಸಲ ಬಂದದ್ದೇನು ಅಂತ ಅವರು ಗಟ್ಟಿಯಾಗಿ ಹೇಳಬೇಕು, ನಾನು ಪಟ್ಟಿಯಲ್ಲಿ ಗುರುತು ಹಾಕಬೇಕು. ಒಂಬತ್ತು ಗಂಟೆಯಾಯಿತು. ಅತ್ತೆ ಎರಡು ಸಲ ಊಟಕ್ಕೆ ಕರೆದರು.

ಬೆಳಿಗ್ಗೆ ಮಾವ ಆ ಏಣಿನ ಫೋಟೋ ತೆರೆದಿಟ್ಟುಕೊಂಡು ತೋಟಕ್ಕೆ ಇಳಿದರು, ನಾನೂ ಹಿಂದೆ ಹೋದೆ. ಎಲೆ ಹಳದಿಯಾಗಿದ್ದ ಒಂದು ಗಿಡದ ಹತ್ತಿರ ಬಗ್ಗಿ, ಕಾಂಡದ ಮೇಲೆ ಹೆಬ್ಬೆರಳು ಸವರಿದರು. ಉಬ್ಬಿದ ಗೆರೆ ಸುತ್ತಿಕೊಂಡು ಹೋಗಿತ್ತು. ಫೋನ್ ನೋಡಿದರು, ಮತ್ತೆ ಕಾಂಡ ನೋಡಿದರು.

"ಇದೇ" ಅಂದು, ಜೇಬಿನಿಂದ ಕೆಂಪು ದಾರ ತೆಗೆದು ಗಿಡಕ್ಕೆ ಕಟ್ಟಿದರು.