ಏಳೂಕಾಲಿಗೆ ಬಾಗಿಲು ತೆಗೆದರೆ ಎಂಟಕ್ಕೆ ಊಟ

ನಮ್ಮಮ್ಮ ದಿನಾ ಸಂಜೆ ಫೋನ್ ಮಾಡಿದಾಗ ಮೊದಲು ಕೇಳುವುದು ಒಂದೇ ಮಾತು. "ಏನ್ ಸಾರು ಇವತ್ತು?" ಮಂಡ್ಯ ಕಡೆಯವರಿಗೆ ಇದು ಚೆನ್ನಾಗಿ ಗೊತ್ತು. ಹೇಗಿದ್ದೀಯಾ, ಮಕ್ಕಳು ಏನ್ಮಾಡ್ತಿದ್ದಾರೆ, ಇದೆಲ್ಲಾ ಆಮೇಲೆ. ಸಾರು ಯಾವುದು ಅಂತ ಹೇಳಿಬಿಟ್ಟರೆ ಮಗಳ ಮನೆ ಹೇಗಿದೆ ಅನ್ನುವುದು ಅವರಿಗೆ ಅರ್ಧ ಗೊತ್ತಾಗುತ್ತದೆ.

ಎರಡು ವರ್ಷದ ಹಿಂದೆ ಈ ಪ್ರಶ್ನೆಗೆ ನಾನು ಸುಳ್ಳು ಹೇಳುತ್ತಿದ್ದೆ. ಸೊಪ್ಪಿನ ಸಾರು ಅಂತಲೋ, ಬೇಳೆ ಸಾರು ಅಂತಲೋ ಬಾಯಿಗೆ ಬಂದದ್ದು ಹೇಳಿ ಫೋನ್ ಇಡುತ್ತಿದ್ದೆ. ಒಲೆ ಹಚ್ಚಿಯೇ ಇರುತ್ತಿರಲಿಲ್ಲ. ನಾನು ಕೆಲಸ ಮಾಡುವುದು ಎಂ.ಜಿ. ರಸ್ತೆ ಹತ್ತಿರ, ಮನೆ ಕೆಂಗೇರಿಯಲ್ಲಿ. ನೇರಳೆ ಮೆಟ್ರೋ ಇಳಿದು ನಡೆದು ಬಂದು ಬಾಗಿಲು ತೆಗೆಯುವ ಹೊತ್ತಿಗೆ ಏಳೂಕಾಲು. ನಮ್ಮವರು ಬಿಡದಿಯ ಕಾರ್ಖಾನೆಯಿಂದ ಸ್ವಲ್ಪ ಮುಂಚೆ ಬಂದು ಮಕ್ಕಳನ್ನು ಕರೆದುಕೊಂಡು ಬಂದಿರುತ್ತಾರೆ. ಇಬ್ಬರಿಗೂ ಸುಸ್ತು. ವಾರದಲ್ಲಿ ಮೂರು ದಿನ, ಕೆಲವು ಸಲ ನಾಲ್ಕು ದಿನ, ಹೊರಗಿನಿಂದ ತರಿಸುತ್ತಿದ್ದೆವು. ಒಂದು ತಿಂಗಳು ಕೂತು ಲೆಕ್ಕ ಹಾಕಿದೆ. 8,000 ರೂಪಾಯಿ ಹತ್ತಿರ ಹೋಗಿತ್ತು.

ದುಡ್ಡಿಗಿಂತ ಜಾಸ್ತಿ ಚುಚ್ಚಿದ್ದು ಒಂದು ರಾತ್ರಿ. ಮಳೆ ಬರುತ್ತಿತ್ತು. ಎಂಟು ಗಂಟೆಗೆ ಹೇಳಿದ ಊಟ ಬಂದಾಗ ಒಂಬತ್ತೂ ನಲವತ್ತು. ಅಷ್ಟರಲ್ಲಿ ಮಗ ಸೋಫಾ ಮೇಲೆ ಕೈಯಲ್ಲಿ ತಟ್ಟೆ ಹಿಡಿದುಕೊಂಡೇ ನಿದ್ದೆ ಹೋಗಿದ್ದ. ಆಗ ಅವನಿಗೆ ನಾಲ್ಕು ವರ್ಷ. ಎಬ್ಬಿಸಿದರೂ ಏಳಲಿಲ್ಲ. ಖಾಲಿ ಸ್ಟೀಲ್ ತಟ್ಟೆಯನ್ನು ಅವನ ಬೆರಳಿನಿಂದ ಬಿಡಿಸಿ ತೆಗೆದೆ. ಆ ರಾತ್ರಿ ನನಗೂ ಊಟ ಸೇರಲಿಲ್ಲ.

ಮಾರನೇ ದಿನ ಅಮ್ಮನಿಗೆ ಫೋನ್ ಮಾಡಿ ನಿಜ ಹೇಳಿದೆ. ಅವರು ಬೈಯಲಿಲ್ಲ. "ನಾನು ಗದ್ದೆಯಿಂದ ಬರ್ತಿದ್ದಿದ್ದು ಎಷ್ಟೊತ್ತಿಗೆ ಅಂದ್ಕೊಂಡಿದ್ದೀಯ? ಕತ್ತಲಾದ್ಮೇಲೇ ಅಲ್ವಾ? ಬಂದು ಏನ್ ಮಾಡ್ತಿದ್ದೆ ನೆನಪು ಮಾಡ್ಕೊ" ಅಂದರು.

ನೆನಪು ಮಾಡಿಕೊಂಡೆ. ಉಪ್ಪುಸಾರು. ಬಸ್ಸಾರು. ಮುದ್ದೆ. ವಾರದಲ್ಲಿ ಐದು ದಿನ ಅದೇ. ನಾಟಿ ಸಮಯದಲ್ಲಂತೂ ಏಳೂ ದಿನ. ಚಿಕ್ಕವಳಿದ್ದಾಗ ಇದು ಬಡವರ ಅಡುಗೆ, ಬೇರೆ ಮಾಡೋಕೆ ಬರದೆ ಮಾಡುತ್ತಾರೆ ಅಂದುಕೊಂಡಿದ್ದೆ. ಈಗ ನನಗೆ ಕಾಣುವುದೇ ಬೇರೆ. ಇದು ದಿನವಿಡೀ ಬಗ್ಗಿ ದುಡಿದು ಬಂದ ಹೆಂಗಸು, ಹಸಿದ ಮಕ್ಕಳನ್ನು ಎದುರಿಗಿಟ್ಟುಕೊಂಡು, ಒಂದು ಒಲೆಯಲ್ಲಿ ಬೇಗ ಮುಗಿಸಲೇಬೇಕಾದ ಅಡುಗೆ. ಕೆಲಸಕ್ಕೆ ಹೋಗುವ ಮನೆಯವರ ರಾತ್ರಿ ಊಟವನ್ನು ನಾವೇನೂ ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ.

ಉಪ್ಪುಸಾರು, ಬಸ್ಸಾರು ಎರಡಕ್ಕೂ ಶುರು ಒಂದೇ. ಒಂದು ಪಾತ್ರೆಯಲ್ಲಿ ಕಾಳು, ಸೊಪ್ಪು, ಜಾಸ್ತಿ ನೀರು ಹಾಕಿ ಬೇಯಿಸುತ್ತೀರಿ. ಬೆಂದ ಮೇಲೆ ನೀರು ಬಸಿಯುತ್ತೀರಿ. ಬಸಿದ ನೀರು, ಅಂದರೆ ಕಟ್ಟು, ಸಾರಾಗುತ್ತದೆ. ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಬಿದ್ದರೆ ಪಲ್ಯ. ಪಾತ್ರೆ ಒಂದು, ಅಡುಗೆ ಎರಡು. ಬಸ್ಸಾರು ಅನ್ನುವ ಹೆಸರು ಬಂದಿರುವುದೇ ಈ ಬಸಿಯುವುದರಿಂದ. ಬಸ್ಸಾರಿಗೆ ಈರುಳ್ಳಿ, ಬೆಳ್ಳುಳ್ಳಿ, ಕಾಯಿ, ಸಾರಿನ ಪುಡಿ, ಜೊತೆಗೆ ಒಂದು ಹಿಡಿ ಬೆಂದ ಕಾಳು ಹಾಕಿ ರುಬ್ಬಿ ಕಟ್ಟಿಗೆ ಸೇರಿಸಿ ಕುದಿಸಬೇಕು. ಉಪ್ಪುಸಾರಿಗೆ ಅದೂ ಬೇಡ. ಕಟ್ಟು ಹಾಗೇ, ಪಕ್ಕದಲ್ಲಿ ಒಂದು ಚಮಚ ಖಾರ. ಅಷ್ಟೇ.

ನಮ್ಮ ಮನೆಯಲ್ಲಿ ಕೆಲಸದ ದಿನ ಉಪ್ಪುಸಾರೇ ಜಾಸ್ತಿ. ಅದಕ್ಕೆ ಇನ್ನೊಂದು ಕಾರಣ ಇದೆ. ಖಾರ ಬೇರೆ ಇರುವುದರಿಂದ ಯಾರಿಗೆ ಎಷ್ಟು ಬೇಕೋ ಅಷ್ಟು ಕಲಸಿಕೊಳ್ಳಬಹುದು. ನನಗೆ ಚಮಚ ತುಂಬ ಬೇಕು. ಒಂಬತ್ತು ವರ್ಷದ ಮಗಳಿಗೆ ಅರ್ಧ. ಮಗನಿಗೆ ಬೆರಳ ತುದಿಯಲ್ಲಿ ಮುಟ್ಟಿಸಿದಷ್ಟು. ಮಕ್ಕಳಿಗೆ ಅಂತ ಬೇರೆ ಅಡುಗೆ ಮಾಡುವ ಕೆಲಸವೇ ಇಲ್ಲ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಇದೆಷ್ಟು ದೊಡ್ಡ ನೆಮ್ಮದಿ ಅಂತ ಮಾಡಿದವರಿಗೇ ಗೊತ್ತು.

ಖಾರ ಭಾನುವಾರವೇ ಆಗಿರುತ್ತದೆ. ಆರು ಬ್ಯಾಡಗಿ ಮೆಣಸಿನಕಾಯಿ, ಎರಡು ಗುಂಟೂರು. ಒಣ ಬಾಣಲೆಯಲ್ಲಿ ಘಾಟು ಏಳುವವರೆಗೆ ಹುರಿಯಬೇಕು. ಅದರ ಜೊತೆ ಹತ್ತು ಎಸಳು ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ, ಅರ್ಧ ಚಮಚ ಕಾಳುಮೆಣಸು, ಗೋಲಿ ಗಾತ್ರದ ಹುಣಸೆಹಣ್ಣು, ಕಲ್ಲುಪ್ಪು. ಒಂದು ಸಲ ಮಿಕ್ಸಿ ಕೆಟ್ಟು ಅಜ್ಜಿಯ ಕುಟ್ಟಾಣಿಯಲ್ಲಿ ಕುಟ್ಟಿದೆ. ಬೆಳ್ಳುಳ್ಳಿ ಅರೆಬರೆ ಜಜ್ಜಿಕೊಂಡು, ಮೆಣಸಿನ ಬೀಜ ಅಲ್ಲಲ್ಲಿ ಉಳಿದು, ಬಾಯಿಗೆ ಸಿಕ್ಕಿದಾಗ ಅದರ ರುಚಿಯೇ ಬೇರೆ. ಮಿಕ್ಸಿ ರಿಪೇರಿಯಾಗಿ ಬಂತು. ಖಾರ ಮಾತ್ರ ಈಗಲೂ ಕುಟ್ಟಾಣಿಯಲ್ಲೇ. ಕಾಯಿ, ಈರುಳ್ಳಿ ಹಾಕದೆ ಇದ್ದರೆ ಫ್ರಿಜ್‌ನಲ್ಲಿ ಗುರುವಾರದವರೆಗೆ ಚೆನ್ನಾಗಿರುತ್ತದೆ.

ಕಾಳಿನ ವಿಷಯಕ್ಕೆ ಬರುತ್ತೇನೆ. ರಾತ್ರಿ ಮಲಗುವ ಮುಂಚೆ ಅಲಸಂದೆಯೋ ಹೆಸರುಕಾಳೋ ನೆನೆಹಾಕಿ, ಬೆಳಿಗ್ಗೆ ನೀರು ಬದಲಾಯಿಸಿ ಫ್ರಿಜ್‌ಗೆ ಇಡುತ್ತೇನೆ. ಬೇಸಿಗೆಯಲ್ಲಿ ಹೊರಗೇ ಬಿಟ್ಟು ಹೋದರೆ ಸಂಜೆಗೆ ನೊರೆ ಬಂದು ಹುಳಿ ವಾಸನೆ ಹೊಡೆಯುತ್ತದೆ. ಒಂದು ಪಾವು ಕಾಳು ಪೂರ್ತಿ ಎಸೆದಿದ್ದೇನೆ, ಬೇಜಾರಾಗಿತ್ತು. ಹೆಸರುಕಾಳನ್ನು ಬಟ್ಟೆಯಲ್ಲಿ ಕಟ್ಟಿಟ್ಟು ಮೊಳಕೆ ಬರಿಸಿದರೆ ಇನ್ನೂ ಸುಲಭ, ಕುಕ್ಕರ್ ಕೂಡ ಬೇಡ.

ಏಳೂಕಾಲಿಗೆ ಬಂದು ಕೈಕಾಲು ತೊಳೆದ ತಕ್ಷಣ ಅಲಸಂದೆ ಕುಕ್ಕರ್‌ಗೆ. ಎರಡು ವಿಷಲ್. ಕುಕ್ಕರ್ ಕೂಗುವ ಹೊತ್ತಿಗೆ ಮಗಳು ನೆಲದ ಮೇಲೆ ಪೇಪರ್ ಹಾಸಿಕೊಂಡು ಸೊಪ್ಪು ಸೋಸುತ್ತಾಳೆ. ಮೆಟ್ರೋ ನಿಲ್ದಾಣದ ಹೊರಗೆ ಕೂರುವ ಸೊಪ್ಪಿನಮ್ಮನ ಹತ್ತಿರ ದಂಟು, ಸಬ್ಬಸಿಗೆ, ಕೆಲವು ದಿನ ಬೆರಕೆ ಸೊಪ್ಪು ಸಿಗುತ್ತದೆ. ಅವರು ನನ್ನನ್ನು ದೂರದಿಂದಲೇ ನೋಡಿ ಎರಡು ಕಟ್ಟು ತೆಗೆದಿಡುತ್ತಾರೆ. ದಂಟಿನ ಕಡ್ಡಿ ಎಳೆಯದಾಗಿದ್ದರೆ ಅದನ್ನೂ ಹಾಕಬೇಕು, ಎಸೆಯಬೇಡಿ.

ಸೊಪ್ಪನ್ನು ಮಾತ್ರ ಕುಕ್ಕರ್‌ನಲ್ಲಿ ಮುಚ್ಚಿ ಕೂಗಿಸಬೇಡಿ. ಕುಕ್ಕರ್ ಒಳಗೆ ಶಾಖ ಸುಮಾರು 120 ಡಿಗ್ರಿ ಮುಟ್ಟುತ್ತದೆ. ಕಾಳಿಗೆ ಅದು ಸರಿ. ಸೊಪ್ಪು ಕರಗಿ ಕಪ್ಪಾಗುತ್ತದೆ. ಕಾಳು ಬೆಂದ ಮೇಲೆ ಮುಚ್ಚಳ ತೆಗೆದು, ಇನ್ನೆರಡು ಲೋಟ ನೀರು, ಸೊಪ್ಪು, ಉಪ್ಪು ಹಾಕಿ ಐದು ನಿಮಿಷ ತೆರೆದೇ ಕುದಿಸುತ್ತೇನೆ. ಇನ್ನೊಂದು ಮಾತು. ಕಾಳು ಬೇಯುವ ಮುಂಚೆ ಹುಣಸೆ ಹಾಕಿದರೆ ಕಾಳು ಬಿರುಸಾಗಿಯೇ ಉಳಿಯುತ್ತದೆ. ಹುಳಿ ಬಿದ್ದರೆ ಸಿಪ್ಪೆ ಮೆತ್ತಗಾಗುವುದಿಲ್ಲ. ಉಪ್ಪುಸಾರಿನಲ್ಲಿ ಹುಣಸೆ ಇರುವುದು ಖಾರದಲ್ಲಿ, ಕೊನೆಗೆ ತಟ್ಟೆಯಲ್ಲಿ. ಹಿಂದಿನವರು ಇದನ್ನೆಲ್ಲಾ ಎಷ್ಟು ಚೆನ್ನಾಗಿ ಕೂಡಿಸಿಟ್ಟಿದ್ದಾರೆ ನೋಡಿ.

ಮುದ್ದೆ ನಮ್ಮವರ ಕೆಲಸ. ಅವರು ತೀರ್ಥಹಳ್ಳಿ ಕಡೆಯವರು, ಮೂರು ಹೊತ್ತೂ ಅಕ್ಕಿ ಮೇಲೆ ಬೆಳೆದವರು. ಮದುವೆಗೆ ಮುಂಚೆ ಮುದ್ದೆಯನ್ನು ಹೋಟೆಲಿನಲ್ಲಿ ಬಿಟ್ಟರೆ ನೋಡಿರಲಿಲ್ಲ. ಅವರಿಗೆ ಕಲಿಸಿದ್ದು ನಮ್ಮಮ್ಮ, ವಿಡಿಯೋ ಕಾಲ್‌ನಲ್ಲಿ. ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ನಿಲ್ಲಿಸಿದ್ದರು. ಮೊದಲ ದಿನ ಗಂಟುಗಂಟಾಗಿತ್ತು. ಒಡೆದರೆ ಒಳಗೆ ಹಸಿ ಹಿಟ್ಟು. ಅಮ್ಮ ಆ ಕಡೆಯಿಂದ, "ಅಳಿಯಂದ್ರೇ, ಕೈ ಹಾಕ್ಬೇಡಿ. ಹಿಟ್ಟು ತಾನಾಗೇ ಬೇಯ್ಲಿ. ಆತುರ ಪಟ್ರೆ ಅದು ಕೇಳಲ್ಲ" ಅಂದರು.

ಅದೇ ಗುಟ್ಟು. ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು. ಮೊದಲು ತಣ್ಣೀರಲ್ಲಿ ಒಂದು ಚಮಚ ಹಿಟ್ಟು ಕದಡಿ, ಚಿಟಿಕೆ ಉಪ್ಪು ಹಾಕಿ ಒಲೆ ಮೇಲೆ ಇಡಬೇಕು. ನೀರು ಉಕ್ಕಿ ಮರಳುವಾಗ ಉಳಿದ ಹಿಟ್ಟನ್ನೆಲ್ಲಾ ಮಧ್ಯಕ್ಕೆ ಗುಡ್ಡೆಯಾಗಿ ಸುರಿದು, ಉರಿ ಸಣ್ಣ ಮಾಡಿ, ಮುದ್ದೆ ಕೋಲನ್ನು ಗುಡ್ಡೆಯ ನಡುವೆ ಚುಚ್ಚಿ ಬಿಟ್ಟುಬಿಡಬೇಕು. ಐದು ನಿಮಿಷ ತಿರುವಬಾರದು. ಕೋಲಿನ ಪಕ್ಕದಿಂದ ನೀರು ಪುಳಪುಳ ಅಂತ ಮೇಲೆ ಬಂದು ಹಿಟ್ಟಿನ ಮೇಲೆ ಹರಿಯುತ್ತದೆ. ಆಮೇಲೆ ಪಾತ್ರೆ ಕೆಳಗಿಳಿಸಿ, ಕಾಲಿನಲ್ಲೋ ಇಕ್ಕಳದಲ್ಲೋ ಗಟ್ಟಿಯಾಗಿ ಹಿಡಿದು ತೊಳಸಬೇಕು. ಮತ್ತೆ ಎರಡು ನಿಮಿಷ ಸಣ್ಣ ಉರಿ, ಮತ್ತೊಂದು ಸಲ ತೊಳಸು. ಒದ್ದೆ ಬೆರಳಲ್ಲಿ ಮುಟ್ಟಿದಾಗ ಅಂಟದಿದ್ದರೆ ಬೆಂದಿದೆ.

ಈಗ ನಮ್ಮವರ ಮುದ್ದೆ ನನ್ನದಕ್ಕಿಂತ ನುಣುಪಾಗಿರುತ್ತದೆ. ಅವರು ಹಲಗೆಯ ಮೇಲೆ ನೀರು ಸವರಿ, ಬಿಸಿ ಹಿಟ್ಟನ್ನು ಎರಡೂ ಕೈಯಲ್ಲಿ ಉರುಳಿಸುವಾಗ ಹೊಗೆ ಅವರ ಕನ್ನಡಕಕ್ಕೆ ಹಿಡಿಯುತ್ತದೆ. ಒರೆಸಿಕೊಳ್ಳುವುದಿಲ್ಲ. ಕೈ ಅಂದಾಜಿನಲ್ಲೇ ಕಟ್ಟಿ ಇಡುತ್ತಾರೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೀರಿ ಕ್ಯಾಲ್ಸಿಯಂ ಇರುತ್ತದೆ, ಬಿಳಿ ಅಕ್ಕಿಯಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ ಅಂತ ಓದಿದ ದಿನದಿಂದ ಅವರಿಗೆ ಮುದ್ದೆ ಮೇಲೆ ಇನ್ನೂ ಪ್ರೀತಿ.

ಅವರ ಊರಿನ ಕಡೆಯಿಂದ ನಮ್ಮ ಅಡುಗೆಮನೆಗೆ ಬಂದದ್ದು ತಂಬುಳಿ. ಇದನ್ನು ನಾನು ಮೊದಲೇ ಕಲಿಯಬೇಕಿತ್ತು ಅನ್ನಿಸುತ್ತದೆ. ಬಾಲ್ಕನಿಯ ಕುಂಡದಲ್ಲಿ ದೊಡ್ಡಪತ್ರೆ ಇದೆ. ಹನ್ನೆರಡು ಎಲೆ ಕಿತ್ತು, ಒಂದು ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸಿನ ಜೊತೆ ಬಾಡಿಸಿ, ಎರಡು ಚಮಚ ಕಾಯಿತುರಿ ಸೇರಿಸಿ ನುಣ್ಣಗೆ ರುಬ್ಬಿ, ಮಜ್ಜಿಗೆಯಲ್ಲಿ ಕದಡಿ, ಉಪ್ಪು, ಸಾಸಿವೆ ಒಗ್ಗರಣೆ. ಕುದಿಸುವ ಹಾಗೇ ಇಲ್ಲ. ಅನ್ನ ಬೇಯುವ ಮೊದಲೇ ತಂಬುಳಿ ಆಗಿರುತ್ತದೆ. ಕಾಯಿ ಬೆಲೆ ಏರಿದ ಮೇಲೆ ಒಂದು ಕಾಯಿ ತುರಿದು, ಪುಟ್ಟ ಪುಟ್ಟ ಡಬ್ಬಿಗೆ ಹಾಕಿ ಫ್ರೀಜರ್‌ನಲ್ಲಿಟ್ಟು, ಬೇಕಾದಷ್ಟೇ ತೆಗೆಯುತ್ತೇನೆ. ಮಕ್ಕಳಿಗೆ ನೆಗಡಿಯಾದ ವಾರ ನಮ್ಮತ್ತೆ ಶಿವಮೊಗ್ಗದಿಂದ ಫೋನ್ ಮಾಡಿ ಕೇಳುವುದು, "ಸಾಂಬ್ರಾಣಿ ತಂಬುಳಿ ಮಾಡಿದ್ಯನೇ?" ದೊಡ್ಡಪತ್ರೆಗೆ ಅವರು ಸಾಂಬ್ರಾಣಿ ಅಂತಲೇ ಅನ್ನುವುದು.

ಕಾಳು ನೆನೆಹಾಕುವುದು ಮರೆತ ದಿನವೂ ಇರುತ್ತದೆ. ಆಗ ಮೊಟ್ಟೆ ಸಾರು. ಮೊಟ್ಟೆ ಬೇಯಿಸಿ ಸುಲಿಯುವಷ್ಟು ಪುರಸೊತ್ತು ಯಾರಿಗಿದೆ. ಈರುಳ್ಳಿ, ಟೊಮೇಟೊ ಬಾಡಿಸಿ, ಸಾರಿನ ಪುಡಿ, ಸ್ವಲ್ಪ ಕಾಯಿ ರುಬ್ಬಿ ಹಾಕಿ, ಸಾರು ತಳಮಳ ಕುದಿಯುವಾಗ ಮೊಟ್ಟೆಯನ್ನು ಒಂದೊಂದಾಗಿ ಒಂದೊಂದು ಕಡೆ ಒಡೆದು ಬಿಡಬೇಕು. ಸೌಟು ಆಡಿಸಬೇಡಿ. ಉರಿ ಸಣ್ಣ ಮಾಡಿ ಏಳು ನಿಮಿಷ ಮುಚ್ಚಿಡಿ. ಹಳದಿ ಗಟ್ಟಿಯಾಗುವವರೆಗೆ ಬೇಯಲಿ, ಮಕ್ಕಳು ತಿನ್ನುವುದಲ್ವಾ.

ಬೆಳಿಗ್ಗೆಯ ಅನ್ನದಲ್ಲಿ ಚಿತ್ರಾನ್ನ ಮಾಡುವವರು ತುಂಬಾ ಜನ ಇದ್ದಾರೆ. ನಾನೂ ಮಾಡುತ್ತೇನೆ. ಆದರೆ ಅನ್ನವನ್ನು ಬೆಳಿಗ್ಗೆ ಆರಿದ ತಕ್ಷಣ ಫ್ರಿಜ್‌ಗೆ ಇಟ್ಟಿದ್ದರೆ ಮಾತ್ರ. ಇಡೀ ದಿನ ಒಲೆ ಪಕ್ಕ ಕೂತ ಅನ್ನವನ್ನು ಮಕ್ಕಳಿಗೆ ಕೊಡುವುದಿಲ್ಲ. ಬಿಸಿ ಮಾಡಿದರೂ ಅದರಲ್ಲಿ ಹುಟ್ಟಿದ ವಿಷ ಹೋಗುವುದಿಲ್ಲ. ನಿಂಬೆರಸ ಹಿಂಡುವುದು ಒಲೆ ಆರಿಸಿದ ಮೇಲೆ. ಬಿಸಿ ಬಾಣಲೆಗೆ ಹಿಂಡಿದರೆ ಕಹಿಯಾಗುತ್ತದೆ.

ಶುಕ್ರವಾರ ಸಂಜೆ ಏನೂ ಮಾಡೋಕೆ ಆಗದಷ್ಟು ಸುಸ್ತಾಗಿರುವುದೂ ಉಂಟು. ಆವತ್ತು ಈಗಲೂ ಹೊರಗಡೆ ಹೋಗಿ ದೋಸೆ ತಿಂದು ಬರುತ್ತೇವೆ. ಅಮ್ಮನಿಗೆ ಅದನ್ನೂ ನಿಜವಾಗಿಯೇ ಹೇಳುತ್ತೇನೆ.

ನಿನ್ನೆ ಎಂಟು ಗಂಟೆಗೆ ನಾಲ್ಕೂ ತಟ್ಟೆ ನೆಲದ ಮೇಲಿತ್ತು. ಅಲಸಂದೆ ದಂಟಿನ ಪಲ್ಯ, ಉಪ್ಪುಸಾರು, ಮುದ್ದೆ, ಕೊನೆಗೆ ಸ್ವಲ್ಪ ಅನ್ನ ಮಜ್ಜಿಗೆ. ಮಗ ಮುದ್ದೆಯನ್ನು ಇನ್ನೂ ಅಗಿಯುತ್ತಾನೆ. ನುಂಗಬೇಕು ಅಂತ ಅಕ್ಕ ತೋರಿಸಿಕೊಡುತ್ತಿದ್ದಳು. ಚೂರು ಮುರಿದು, ಸಾರಿನಲ್ಲಿ ಹೊರಳಿಸಿ, ತಲೆ ಸ್ವಲ್ಪ ಮೇಲೆತ್ತಿ ಗುಳುಂ ಅನ್ನಿಸಿದಳು. ಅವನು ಅವಳ ಗಂಟಲನ್ನೇ ನೋಡುತ್ತಿದ್ದ. ಅಷ್ಟರಲ್ಲಿ ಅಮ್ಮನ ಫೋನ್ ಬಂತು. ಕೈ ಎಂಜಲಾಗಿದ್ದರಿಂದ ಮಗಳೇ ಎತ್ತಿ ಸ್ಪೀಕರ್‌ಗೆ ಹಾಕಿದಳು. ಅಜ್ಜಿ ಕೇಳುವ ಮುಂಚೆಯೇ ಮಗ ಕೂಗಿದ, "ಉಪ್ಪ್‌ಸಾರು!"

ಅಲಸಂದೆ ನಿನ್ನೆಗೆ ಮುಗಿಯಿತು. ಈಗ ಹೋಗಿ ಹೆಸರುಕಾಳು ನೆನೆಹಾಕಿ ಮಲಗಬೇಕು.