ಕಡಿತಕ್ಕಿಂತ ಅನಿಶ್ಚಯವೇ ದುಬಾರಿ

2025ರ ಮೇ ತಿಂಗಳಲ್ಲಿ ಅಮೆರಿಕದ ಶ್ವೇತಭವನವು ಮುಂದಿನ ಆರ್ಥಿಕ ವರ್ಷಕ್ಕೆ ನಾಸಾಗೆ 1,880 ಕೋಟಿ ಡಾಲರ್ ಸಾಕೆಂದು ಪ್ರಸ್ತಾಪಿಸಿತು. ಹಿಂದಿನ ವರ್ಷದ 2,480 ಕೋಟಿಗೆ ಹೋಲಿಸಿದರೆ ಇದು ಕಾಲುಭಾಗದಷ್ಟು ಕಡಿಮೆ. ವಿಜ್ಞಾನ ವಿಭಾಗದ ಪಾಲಂತೂ ಸುಮಾರು 730 ಕೋಟಿಯಿಂದ 390 ಕೋಟಿಗೆ ಇಳಿಯಬೇಕಿತ್ತು. 2026ರ ಜನವರಿಯಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಆ ಪ್ರಸ್ತಾವವನ್ನು ಬಹುಪಾಲು ತಳ್ಳಿಹಾಕಿ, ಒಟ್ಟು ಸುಮಾರು 2,440 ಕೋಟಿ ಡಾಲರ್‌ಗೆ ಒಪ್ಪಿಗೆ ನೀಡಿತು. ಅಲ್ಲಿಗೆ ಗಂಡಾಂತರ ಕಳೆಯಿತೆಂದು ಅನೇಕರು ನಿಟ್ಟುಸಿರು ಬಿಟ್ಟರು, ಆದರೆ ನನಗೆ ಅಷ್ಟು ಸಮಾಧಾನವಾಗಲಿಲ್ಲ. ಆ ಆರ್ಥಿಕ ವರ್ಷ ಆರಂಭವಾದದ್ದು 2025ರ ಅಕ್ಟೋಬರ್ 1ರಂದು. ಅಂದೇ ಅನುಮೋದಿತ ಹಣವಿಲ್ಲದೆ ಸರ್ಕಾರದ ಕೆಲಸ ಸ್ಥಗಿತಗೊಂಡು 43 ದಿನ ಹಾಗೆಯೇ ಉಳಿಯಿತು. ಅದಕ್ಕೂ ಮೊದಲೇ ನಾಸಾದ ಸುಮಾರು 4,000 ನೌಕರರು ಸ್ವಇಚ್ಛೆಯಿಂದ ಕೆಲಸ ಬಿಡುವ ಯೋಜನೆಗೆ ಒಪ್ಪಿಕೊಂಡಿದ್ದರು. ಹಣ ಉಳಿಯಿತೆಂಬ ಕಾರಣಕ್ಕೆ ಆ ಅನುಭವಿಗಳೆಲ್ಲ ಹಿಂತಿರುಗುವುದಿಲ್ಲ.

ಹಣದ ಮೊತ್ತಕ್ಕಿಂತ ಅದರ ಅನಿಶ್ಚಯವೇ ಹೆಚ್ಚು ಹಾನಿ ಮಾಡುತ್ತದೆ ಎಂಬುದಕ್ಕೆ ವೈಪರ್ ಎಂಬ ಚಂದ್ರ ರೋವರ್‌ನ ಕಥೆಯನ್ನು ನೋಡಬೇಕು. ಚಂದ್ರನ ದಕ್ಷಿಣ ಧ್ರುವದ ಬಳಿ, ಎಂದೂ ಬಿಸಿಲು ಬೀಳದ ತಗ್ಗುಗಳಲ್ಲಿ ನೀರಿನ ಮಂಜುಗಡ್ಡೆ ಎಲ್ಲಿದೆ, ಎಷ್ಟಿದೆ ಎಂದು ನೆಲ ಕೊರೆದು ನೋಡುವುದು ಅದರ ಕೆಲಸ. 2024ರ ಜುಲೈನಲ್ಲಿ ನಾಸಾ ಈ ಯೋಜನೆಯನ್ನು ರದ್ದುಪಡಿಸಿದಾಗ ಅದಕ್ಕೆ ಸುಮಾರು 45 ಕೋಟಿ ಡಾಲರ್ ಖರ್ಚಾಗಿತ್ತು. ರೋವರ್ ಸಂಪೂರ್ಣ ಜೋಡಣೆಯಾಗಿ ನಿಂತಿತ್ತು. ಉಡಾವಣೆಯ ಕಂಪನ ಮತ್ತು ನಿರ್ವಾತವನ್ನು ತಾಳಿಕೊಳ್ಳುವುದೇ ಎಂಬ ಪರೀಕ್ಷೆಗಳಷ್ಟೇ ಮುಖ್ಯವಾಗಿ ಉಳಿದಿದ್ದವು. ಅಲ್ಲಿಗೆ ನಿಲ್ಲಿಸಿದರೆ ಕನಿಷ್ಠ 8.4 ಕೋಟಿ ಡಾಲರ್ ಉಳಿಯುತ್ತದೆ ಎಂಬುದು ಸಂಸ್ಥೆಯ ಲೆಕ್ಕವಾಗಿತ್ತು. ಆನೆ ಕೊಂಡು ಅಂಕುಶಕ್ಕೆ ಚೌಕಾಶಿ ಮಾಡಿದಂತಿದ್ದ ಈ ತೀರ್ಮಾನದ ಇನ್ನೊಂದು ವಿಚಿತ್ರವೆಂದರೆ, ರೋವರನ್ನು ಹೊತ್ತೊಯ್ಯಬೇಕಿದ್ದ ಖಾಸಗಿ ಕಂಪನಿಯ ಗ್ರಿಫಿನ್ ಲ್ಯಾಂಡರ್‌ನ ಒಪ್ಪಂದವನ್ನು ಹಾಗೆಯೇ ಉಳಿಸಿಕೊಂಡು, ರೋವರ್ ಬದಲು ಅಷ್ಟೇ ತೂಕದ ಜಡವಸ್ತುವನ್ನು ಕಳಿಸುವುದೆಂದು ಯೋಜಿಸಲಾಗಿತ್ತು. ಕೊನೆಗೆ 2025ರ ಸೆಪ್ಟೆಂಬರ್‌ನಲ್ಲಿ ನಾಸಾ ಮನಸ್ಸು ಬದಲಿಸಿ, ಅದೇ ರೋವರನ್ನು 2027ರ ಕೊನೆಯಲ್ಲಿ ಚಂದ್ರನಿಗೆ ತಲುಪಿಸುವ ಕೆಲಸವನ್ನು ಬ್ಲೂ ಆರಿಜಿನ್ ಕಂಪನಿಗೆ ವಹಿಸಿತು.

ಮಂಗಳದ ಕಲ್ಲುಗಳನ್ನು ಭೂಮಿಗೆ ತರುವ ಯೋಜನೆಯ ವಿಷಯದಲ್ಲಿ, ಅದು ತೀರಾ ದುಬಾರಿ ಎನ್ನುವ ಟೀಕಾಕಾರರ ಮಾತಿನಲ್ಲೂ ಹುರುಳಿದೆ ಎಂದು ಒಪ್ಪಲೇಬೇಕು. ಅದರ ಅಂದಾಜು ವೆಚ್ಚ 1,100 ಕೋಟಿ ಡಾಲರ್‌ಗೆ ಏರಿ, ಮಾದರಿಗಳು ಕೈಸೇರುವ ವರ್ಷ 2040ಕ್ಕೆ ಜಾರಿದಾಗ, ಇದು ಹೀಗೆಯೇ ಮುಂದುವರಿಯಲಾರದು ಎಂದು 2024ರ ಏಪ್ರಿಲ್‌ನಲ್ಲಿ ನಾಸಾದ ಮುಖ್ಯಸ್ಥರೇ ಹೇಳಿದ್ದರು. 2026ರ ಜನವರಿಯಲ್ಲಿ ಒಪ್ಪಿದ ಆಯವ್ಯಯದಲ್ಲಿ ಕಾಂಗ್ರೆಸ್ ಕೂಡ ಆ ಯೋಜನೆಯನ್ನು ಕೈಬಿಟ್ಟಿತು. ಆದರೆ ಈ ಮಧ್ಯೆ, ಮಂಗಳದ ರೋವರ್‌ಗಳನ್ನು ರೂಪಿಸುವ ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ ನಡೆದದ್ದನ್ನು ಗಮನಿಸಿ. 2024ರ ಫೆಬ್ರವರಿಯಲ್ಲಿ, ಆ ವರ್ಷದ ಆಯವ್ಯಯಕ್ಕೆ ಇನ್ನೂ ಒಪ್ಪಿಗೆಯೇ ಸಿಗದಿದ್ದ ಹೊತ್ತಿನಲ್ಲಿ, ಮುಂದೆ ಬರಬಹುದಾದ ಕಡಿತಕ್ಕೆ ಹೆದರಿ ಅಲ್ಲಿನ ಸುಮಾರು 530 ಮಂದಿಯನ್ನು ಕೆಲಸದಿಂದ ತೆಗೆಯಲಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಮತ್ತೆ 325, 2025ರ ಅಕ್ಟೋಬರ್‌ನಲ್ಲಿ ಇನ್ನೂ 550 ಮಂದಿ ಹೊರಬಿದ್ದರು. ಮಂಗಳದಲ್ಲಿ ರೋವರ್ ಇಳಿಸುವ ವಿದ್ಯೆ ಕಡತಗಳಲ್ಲಿ ಮಾತ್ರ ಇರುವುದಲ್ಲ, ಅದನ್ನು ಮಾಡಿದವರ ಅನುಭವದಲ್ಲಿ ಇರುತ್ತದೆ. ಅಂದಹಾಗೆ, ಮಂಗಳದಲ್ಲಿರುವ ನಾಸಾದ ಪರ್ಸಿವಿಯರೆನ್ಸ್ ರೋವರ್ ಸಂಗ್ರಹಿಸಿದ ಒಂದು ಮಾದರಿಯಲ್ಲಿ ಪುರಾತನ ಸೂಕ್ಷ್ಮಜೀವಿಗಳ ಸಂಭಾವ್ಯ ಕುರುಹು ಇರಬಹುದೆಂದು ಪ್ರಕಟವಾದದ್ದು 2025ರ ಸೆಪ್ಟೆಂಬರ್‌ನಲ್ಲಿ, ಅಂದರೆ ಅದನ್ನು ತರುವ ಯೋಜನೆ ಕುಸಿಯುತ್ತಿದ್ದ ಹೊತ್ತಿನಲ್ಲೇ.

ವರ್ಷಕ್ಕೊಮ್ಮೆ ಮಂಜೂರಾಗುವ ಹಣದಿಂದ ಹತ್ತು–ಹದಿನೈದು ವರ್ಷಗಳ ಕೆಲಸ ನಡೆಸುವುದೇ ಇಲ್ಲಿನ ಮೂಲ ತೊಡಕು. ಯುರೋಪಿನ ಬಾಹ್ಯಾಕಾಶ ಸಂಸ್ಥೆಯಲ್ಲಿ ಸದಸ್ಯ ರಾಷ್ಟ್ರಗಳ ಸಚಿವರು ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆ ಸೇರಿ ಮುಂದಿನ ವರ್ಷಗಳ ಹಣವನ್ನು ನಿಗದಿಪಡಿಸುತ್ತಾರೆ; 2025ರ ನವೆಂಬರ್‌ನಲ್ಲಿ ಬ್ರೆಮೆನ್ ನಗರದಲ್ಲಿ ಹೀಗೆ ಒಪ್ಪಿದ ಮೊತ್ತ 2,210 ಕೋಟಿ ಯೂರೊ. ನನಗೆ ಈ ಕ್ರಮವೇ ಹೆಚ್ಚು ವಿವೇಕದ್ದೆನಿಸುತ್ತದೆ, ಆದರೂ ಪಾಲುದಾರರ ಅನಿಶ್ಚಯದಿಂದ ಅವರಿಗೂ ಬಿಡುಗಡೆಯಿಲ್ಲ. ಅವರ ಮಂಗಳ ರೋವರ್ ಯೋಜನೆಯಿಂದ 2012ರಲ್ಲಿ ನಾಸಾ ಹಣದ ಕಾರಣಕ್ಕೆ ಹಿಂದೆ ಸರಿಯಿತು. ಆಗ ಕೈಹಿಡಿದ ರಷ್ಯಾದ ಜೊತೆಗಿನ ಸಂಬಂಧ 2022ರಲ್ಲಿ ಉಕ್ರೇನ್ ಯುದ್ಧದಿಂದಾಗಿ ಮುರಿಯಿತು. ಉಡಾವಣೆ ಮತ್ತು ಇಳಿಯುವ ಎಂಜಿನ್‌ಗಳ ನೆರವಿನೊಂದಿಗೆ ನಾಸಾ ಮರಳಿತಾದರೂ, ಶ್ವೇತಭವನದ 2025ರ ಪ್ರಸ್ತಾವದಲ್ಲಿ ಆ ನೆರವಿಗೂ ಕತ್ತರಿ ಬಿದ್ದಿತ್ತು. ರೊಸಾಲಿಂಡ್ ಫ್ರಾಂಕ್ಲಿನ್ ಎಂಬ ಹೆಸರಿನ ಆ ರೋವರ್‌ನ ಉಡಾವಣೆ ಈಗ 2028ಕ್ಕೆ ನಿಗದಿಯಾಗಿದೆ.